ಬೆಳಗಿನ ಹೊಟ್ಟೆನೋವು ನಾಟಕ ಅಲ್ಲ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂದಿದೆ. ಎಷ್ಟೋ ಮನೆಗಳಲ್ಲಿ ಈಗ ಬೆಳಿಗ್ಗೆ ಸಾಲಿಗೆ ಹೋಗುವ ಹೊತ್ತಿಗೆ ಮಕ್ಕಳು ಹೊಟ್ಟೆ ಹಿಡಿದು ಕೂರುತ್ತಿರಬಹುದು. ಅಂಥ ಮಕ್ಕಳ ತಂದೆ ತಾಯಿ ಓದಲಿ ಅಂತ ಗದಗದಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಇದು ಶುರುವಾಯಿತು. ಯೂನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆಸಿಕೊಂಡು ತಾಟಿನ ಮುಂದೆ ಕೂತರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. "ಅವ್ವಾ, ಹೊಟ್ಟಿ ಕಡಿಯಾಕತ್ತೈತಿ" ಅನ್ನುತ್ತಿದ್ದಳು. ಅಂಗೈ ಒದ್ದೆ, ಮುಖ ಬಿಳಿಚಿಕೊಂಡಿರುತ್ತಿತ್ತು, ಕೆಲವು ದಿನ ವಾಂತಿಯೂ ಆಗುತ್ತಿತ್ತು. ಹತ್ತು ಗಂಟೆ ದಾಟಿ, ಇವತ್ತು ಸಾಲಿಗೆ ಕಳಿಸುವುದಿಲ್ಲ ಅಂತ ಖಾತ್ರಿಯಾದರೆ ಎಲ್ಲ ಸರಿಹೋಗುತ್ತಿತ್ತು. ರವಿವಾರ ನೋವೇ ಇಲ್ಲ. ಹೀಗಾಗಿ ಮನೆಯಲ್ಲಿ ಎಲ್ಲರೂ ನಾಟಕ ಅಂದರು. ನಾನೂ ಅಂದೆ. ಒಂದು ದಿನ ಹೊಡೆದೂಬಿಟ್ಟೆ, ಅದು ಈಗಲೂ ನನ್ನನ್ನು ಸುಡುತ್ತದೆ.

ಗ್ಯಾಸ್ಟ್ರಿಕ್ ಗುಳಿಗೆ ಆಯಿತು, ಸ್ಕ್ಯಾನಿಂಗ್ ಆಯಿತು. ಅತ್ತೆಯವರು ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ರಿಪೋರ್ಟ್ ಎಲ್ಲ ನಾರ್ಮಲ್ ಬಂದಾಗ ಸಮಾಧಾನ ಆಗಬೇಕಿತ್ತು, ಅಲ್ವಾ? ನಮಗೆ ಸಿಟ್ಟು ಜಾಸ್ತಿ ಆಯಿತು. ನಿನಗೇನು ಹೆದರಿಕೆ ಅಂತ ನಾಲ್ಕು ತಿಂಗಳು ಯಾರೂ ಕೇಳಲಿಲ್ಲ. ಕೊನೆಗೆ ಒಬ್ಬ ಮಕ್ಕಳ ಡಾಕ್ಟರು ನಮ್ಮನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತಾಡಿದರು. ಇಂಗ್ಲಿಷ್ ಪಾಠ ಎದ್ದು ನಿಂತು ಓದುವಾಗ ಒಮ್ಮೆ ತಡವರಿಸಿದಳಂತೆ, ಕ್ಲಾಸೆಲ್ಲ ನಕ್ಕಿತಂತೆ, ಅಲ್ಲಿಂದ ದಿನಾ ಅದೇ ಭಯ. ಇದು ಆತಂಕದ ಕಾಯಿಲೆ, ಧಾರವಾಡಕ್ಕೆ ಹೋಗಿ ಬನ್ನಿ ಅಂದರು.

ಧಾರವಾಡ ಅಂದ ಕೂಡಲೇ ನಮ್ಮವರ ಮುಖ ಇಳಿದುಹೋಯಿತು. ಯಾರಾದರೂ ಒಂಥರಾ ಆಡಿದರೆ "ಧಾರವಾಡಕ್ಕ ಕರಕೊಂಡು ಹೋಗ್ರಿ ಇವನ್ನ" ಅಂತ ಚಾಷ್ಟಿ ಮಾಡುವವರು ನಾವೇ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ ಅದು, ಇವತ್ತಿನ ಡಿಮ್ಹಾನ್ಸ್. ಇಷ್ಟು ವರ್ಷವಾದರೂ ನಾವು ಅದರ ಹೆಸರನ್ನು ಬೈಗುಳದ ಹಾಗೆ ಬಳಸುತ್ತೇವೆ. ಈ ಒಂದು ಮಾತಿನಿಂದ ನಾವು ಮತ್ತೆ ಒಂದು ತಿಂಗಳು ಸುಮ್ನೆ ಕಳೆದೆವು.

ಅಲ್ಲಿ ತಿಳಿದದ್ದು ಇಷ್ಟು. ನೋವು ನಿಜ. ಹೆದರಿದಾಗ ಮೈ ಓಡಲು ತಯಾರಾಗುತ್ತದೆ, ಎದೆ ಬಡಿತ ಏರುತ್ತದೆ, ಹೊಟ್ಟೆ ಹಿಂಡುತ್ತದೆ, ಅದು ಮಗುವಿನ ಕೈಯಲ್ಲಿಲ್ಲ. ಹೊಡೆದರೆ ಭಯದ ಮೇಲೆ ಇನ್ನೊಂದು ಭಯ ಕೂರುತ್ತದೆ. ಆದರೆ ಪಾಪ ಅಂತ ಮನೆಯಲ್ಲೇ ಇಟ್ಟುಕೊಂಡರೂ ತಪ್ಪೇ, ಯಾಕೆಂದರೆ ಸಾಲಿ ತಪ್ಪಿದ ಕೂಡಲೇ ಸಿಗುವ ಆ ನಿರಾಳ ಮರುದಿನದ ಭಯವನ್ನು ಇನ್ನಷ್ಟು ಬೆಳೆಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬೇಕು. ನಾವು ಮೊದಲ ವಾರ ಬರೀ ಗೇಟಿನ ತನಕ ಹೋಗಿ ಬಂದೆವು. ಆಮೇಲೆ ಒಂದು ತಾಸು ಲೈಬ್ರರಿ, ಆಮೇಲೆ ಎರಡು ಪಿರಿಯಡ್. ಹೊಟ್ಟೆ ಕಡಿಯುತ್ತಿದ್ದರೂ ಕೂರುವುದು, ಅದು ತಾನಾಗಿ ಇಳಿಯುವುದನ್ನು ಅವಳೇ ನೋಡುವುದು. ಇದರ ಜೊತೆ ವಾರಕ್ಕೊಮ್ಮೆ ಕೌನ್ಸೆಲಿಂಗ್. ಅವಳಿಗೆ ಗುಳಿಗೆ ಬೇಕಾಗಲಿಲ್ಲ. ಕೆಲವು ಮಕ್ಕಳಿಗೆ ಬೇಕಾಗುತ್ತದೆ, ಹಾಗಂತ ಸಾಮಾನ್ಯವಾಗಿ ಇದಕ್ಕೆ ಕೊಡುವುದು ನಿದ್ದೆ ಗುಳಿಗೆ ಅಲ್ಲ, ಅದರ ಚಟವೂ ಹತ್ತುವುದಿಲ್ಲ. ಡಾಕ್ಟರು ಹೇಳಿದಂತೆ ತೆಗೆದುಕೊಳ್ಳಬೇಕು, ಅವರನ್ನು ಕೇಳದೆ ನಡುವೆ ಬಿಡಬಾರದು.

ಕಷ್ಟವಾದದ್ದು ಸಾಲಿಯವರನ್ನು ಒಪ್ಪಿಸುವುದು. ಎಸ್ಎಸ್ಎಲ್‌ಸಿಗೆ ಶೇಕಡಾ 75ರಷ್ಟು ಹಾಜರಾತಿ ಬೇಕು, ಈಗಲೇ ಹೀಗಾದರೆ ಟಿಸಿ ತಗೊಂಡು ಹೋಗಿ ಅಂದರು. ಅವರ ಚಿಂತೆ ಅವರಿಗೆ, ಫಲಿತಾಂಶ ಕಡಿಮೆಯಾದರೆ ಅವರನ್ನೂ ಕೇಳುತ್ತಾರೆ. ಆದರೆ ಇಂಥ ಮಗುವಿಗೆ ಟಿಸಿ ಕೊಟ್ಟರೆ ಅದು ಇನ್ನೊಂದು ಸಾಲಿಯ ಗೇಟಿಗೂ ಹೋಗುವುದಿಲ್ಲ. ಕನ್ನಡದ ಅಕ್ಕೋರು ಒಬ್ಬರು ನನ್ನ ಜವಾಬ್ದಾರಿ ಅಂತ ಮುಂದೆ ಬಂದರು. ಅವರಿಂದಲೇ ನನ್ನ ಮಗಳು ಉಳಿದಳು.

ಶಿಕ್ಷಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಪದೇ ಪದೇ ಹೊಟ್ಟೆನೋವು, ತಲೆನೋವು ಅಂತ ತಪ್ಪಿಸುವ ಮಗುವನ್ನು ಎಲ್ಲರ ಮುಂದೆ ಎಬ್ಬಿಸಿ ಕಾರಣ ಕೇಳಬೇಡಿ. ಬಾಗಿಲ ಹತ್ತಿರ ಕೂರಲು ಬಿಡಿ. ಗಟ್ಟಿಯಾಗಿ ಓದಿಸುವುದಿದ್ದರೆ ಮೊದಲು ನಿಮ್ಮೊಬ್ಬರ ಮುಂದೆ ಓದಿಸಿ. ತಂದೆ ತಾಯಂದಿರು ಧಾರವಾಡದ ತನಕ ಹೋಗಲೇಬೇಕು ಅಂತಿಲ್ಲ. ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್‌ನಲ್ಲೂ ಮನೋರೋಗ ವಿಭಾಗ ಇದೆ. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ದಿನದ 24 ತಾಸು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಪ್ರತಿ ಸಾಲಿಯ ನೋಟಿಸ್ ಬೋರ್ಡಿನ ಮೇಲೆ, ಮಕ್ಕಳ ಕಣ್ಣಿಗೆ ಬೀಳುವಷ್ಟು ದೊಡ್ಡದಾಗಿ ಬರೆಸಲು ಶಿಕ್ಷಣ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಲಿ.

– ಒಬ್ಬ ತಾಯಿ, ಗದಗ