ಅತ್ತೂರು ಜಾತ್ರೆಯಲ್ಲಿ ಕೈ ಹಿಡಿದ ಅಣ್ಣನಿಗೆ

ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಜನವರಿ ಜಾತ್ರೆಯ ನೂಕುನುಗ್ಗಲಿನಲ್ಲಿ ಅಮ್ಮನಿಗೆ ತಲೆಸುತ್ತು ಬಂದಾಗ ಓಡಿಬಂದ ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇ ಹೋಗಿದ್ದಿರಿ. ಬಿಸಿಲಲ್ಲಿ ನಿಂತು ಹಿಡಿದಿದ್ದ ಸಾಲನ್ನೇ ಬಿಟ್ಟು ಬಂದಿರಿ. ಅಮ್ಮನನ್ನು ನೆರಳಲ್ಲಿ ಕೂರಿಸಿ, ನಿಂಬೆ ಶರಬತ್ತು ತಂದು ಗುಟುಕು ಗುಟುಕಾಗಿ ಕುಡಿಸಿದಿರಿ. ನಿಮ್ಮ ಹಣೆಯಲ್ಲಿ ಕುಂಕುಮವಿತ್ತು. ಅತ್ತೂರಿಗೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರಲ್ಲ.

258ರಲ್ಲಿ ರೋಮಿನಲ್ಲಿ ಹುತಾತ್ಮರಾದ ಸಂತ ಲಾರೆನ್ಸರು, ಚರ್ಚಿನ ಸಂಪತ್ತು ತಂದೊಪ್ಪಿಸು ಎಂದವರ ಮುಂದೆ ಬಡವರನ್ನು ಕರೆತಂದು ನಿಲ್ಲಿಸಿದರಂತೆ. ಅಂಥವರ ಅಂಗಳದಲ್ಲಿ ದೇವರ ಕೃಪೆ ನಮ್ಮ ಪಾಲಿಗೆ ನಿಮ್ಮ ರೂಪದಲ್ಲೇ ಬಂತೆಂದು ಮನಸಾರೆ ನಂಬಿದ್ದೇನೆ. ಕೈಯಲ್ಲಿದ್ದ ಮೇಣದಬತ್ತಿ ಹಚ್ಚಲು ನಿಮಗೆ ಆಮೇಲೆ ಆಯಿತೋ ಇಲ್ಲವೋ! ಅಮ್ಮ ದಿನವೂ ಜಪಸರ ಮುಗಿಸುವಾಗ ‘ಆ ಮಗ’ ಎಂದು ನಿಮ್ಮನ್ನು ನೆನೆಯುತ್ತಾರೆ. ತುಂಬಾ ಧನ್ಯವಾದ ಅಣ್ಣಾ.