ಬುತ್ತಿ ಗಂಟಿನ ವಿಡಿಯೋ ಮುಗೀತ್ರಿ, ಎಲ್ಲಾರಿಗೂ ಥ್ಯಾಂಕ್ಸ್

ನಿನ್ನೆ ವೈವಾ ಮುಗೀತು. ಮೂರು ನಿಮಿಷದ ಮ್ಯೂಸಿಕ್ ವಿಡಿಯೋಕ್ಕ ನಾಲ್ಕು ತಿಂಗಳು ಹೋದ್ವು. ಮಾರ್ಕ್ಸ್ ಎಷ್ಟರ ಬರ್ಲಿ, ಥ್ಯಾಂಕ್ಸ್ ಇವತ್ತ ಹೇಳಿಬಿಡ್ತೀನಿ, ನಾಳಿಂದ ಎಲ್ಲಾರೂ ಊರಿಗೆ ಹೊಂಟಾರ.

ಮೊದ್ಲು ನಮ್ಮ ಮೇಡಂಗೆ. ಹಾಡು ನನ್ನ ರೂಮ್‌ಮೇಟ್‌ಂದು, ರಾತ್ರಿ ಬಸ್ಸು, ಮಳಿ, ಊರ ನೆನಪು ಅಂತ. ನನ್ನ ಸ್ಟೋರಿಬೋರ್ಡ್ (ಶಾಟ್‌ಗಳನ್ನ ಮೊದ್ಲ ಬಿಡಿಸಿಟ್ಟ ಚಿತ್ರ) ಹೆಂಗಿತ್ತಂದ್ರ ಮಳಿ ಅಂದ್ರ ಮಳಿ, ಬಸ್ಸು ಅಂದ್ರ ಬಸ್ಸು, ಅಳು ಅಂದ್ರ ಹುಡುಗನ ಕಣ್ಣಾಗ ನೀರು (ಗ್ಲಿಸರಿನ್ ಸೈತ ತಂದಿಟ್ಟಿದ್ದೆ). ಮೇಡಂ ನೋಡಿ "ಹಾಡು, ಚಿತ್ರ ಎರಡೂ ಒಂದ ಹೇಳಿದ್ರ ಒಂದನ್ನ ತಗದು ಒಗಿಬಹುದಲ್ಲೋ ತಮ್ಮಾ" ಅಂದ್ರು. ಆಮ್ಯಾಲೆ ಆಂಡ್ರೂ ಗುಡ್ವಿನ್ ಅನ್ನೋರು ಮ್ಯೂಸಿಕ್ ವಿಡಿಯೋ ಬಗ್ಗೆ 1992ರಾಗ ಬರದ ಪುಸ್ತಕದ ಮಾತು ತಗದ್ರು, ಚಿತ್ರ ಹಾಡಿನ ಮಾತನ್ನ ಹಂಗ ತೋರಿಸಬಹುದು, ಇಲ್ಲಾ ಅದಕ್ಕ ಹೊಸಾ ಅರ್ಥ ಕೂಡಿಸಬಹುದು, ಇಲ್ಲಾ ಪೂರ್ತಿ ಬ್ಯಾರೆ ದಾರಿ ಹಿಡಿಬಹುದು ಅಂತ. 1972ರ ನಾಗರಹಾವಿನ ಓಬವ್ವನ ಹಾಡು ಸೌಂಡ್ ಬಂದ್ ಮಾಡಿ ನೋಡಸಿದ್ರು. ಒಂದು ಶಬ್ದ ಕೇಳದನೂ ಕಥಿ ತಿಳೀತು, ಕಿಂಡಿ, ಒನಕಿ, ಜಯಂತಿ ಮುಖ, ಎಲ್ಲಾ. ಅಲ್ಲಿ ಕಥಿ ಹೇಳೂದ ಹಾಡಿನ ಕೆಲಸ, ಅದಕ್ಕ ಹಂಗ ತೋರಿಸಿದ್ರ ಚಂದ, ನನ್ನ ಹಾಡಿನ್ಯಾಗ ಕಥೀನ ಇರ್ಲಿಲ್ಲ.

ಬುತ್ತಿ ಹೊಳದದ್ದು ಆವಾಗ. ನಮ್ಮ ಹಾಸ್ಟೆಲ್ ಹುಡುಗ್ರು ದಿನಾ ಧಾರವಾಡದ ಹಳೇ ಬಸ್ ಸ್ಟ್ಯಾಂಡಿಗೆ ಓಡೋದು ಅದಕ್ಕ, ಊರಾಗ ಅವ್ವ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಅರಿವ್ಯಾಗ ಕಟ್ಟಿ ಕಂಡಕ್ಟರ್ ಕೈಯಾಗ ಕೊಡ್ತಾಳ, ಇಲ್ಲಿ ನಾವು ಇಳಿಸ್ಕೊಂತೀವಿ, ಖಾಲಿ ಡಬ್ಬಿ ಅದ ಬಸ್ಸಿಗೆ ವಾಪಸ್. ವಿಡಿಯೋದಾಗ ಹುಡುಗ ಊರಿಗೆ ಹೋಗೋದ ಇಲ್ಲ, ಡಬ್ಬಿ ಅಷ್ಟ ಹೋಗಿ ಬರ್ತೈತಿ. ಹಾಡಿನ್ಯಾಗ ರೊಟ್ಟಿ ಅನ್ನೋ ಶಬ್ದಾನೂ ಇಲ್ಲ.

ಮೇಡಂ ಒಂದು ನೋಟ್‌ಬುಕ್ ಬರಸಿದ್ರು, ಅವಾಗ ಭಾಳ ಬೈಕೊಂಡೆ. ಹಾಡು 100 ಬಿಪಿಎಂ (ನಿಮಿಷಕ್ಕ 100 ಬೀಟ್), ಅಂದ್ರ ಒಂದು ಬೀಟ್ 0.6 ಸೆಕೆಂಡು, ಸೆಕೆಂಡಿಗೆ 25 ಫ್ರೇಮ್ ಲೆಕ್ಕಕ್ಕ ಸರಿಯಾಗಿ 15 ಫ್ರೇಮ್. ಒಂದೊಂದು ಶಾಟ್ ಎಷ್ಟು ಬೀಟ್, ಕ್ಯಾಮೆರಾ ಎಲ್ಲಿ, ಗಂಟು ಯಾವ ಕೈಯಾಗ, ಎಲ್ಲಾ ಬರಿಬೇಕು. ಸಬ್ಮಿಷನ್‌ಗೆ ಒಂಬತ್ತು ದಿನ ಇದ್ದಾಗ ಮೆಮೊರಿ ಕಾರ್ಡ್ ಹೋತು, 26 ಶಾಟ್ ಅದರ ಜೋಡಿ ಹೋದ್ವು, ನಾ ಮೆಟ್ಲ ಮ್ಯಾಲೆ ಕುಂತು ಅತ್ತೆ (ಗ್ಲಿಸರಿನ್ ಬೇಕಾಗ್ಲಿಲ್ಲ). ನೋಟ್‌ಬುಕ್ ಇತ್ತಲ್ಲ, ಮರುದಿನ ಮುಂಜಾನೆ 6ರಿಂದ 9ರೊಳಗ ಅಷ್ಟೂ ಮತ್ತ ತಗದ್ವಿ.

ಸ್ಟುಡಿಯೋದಾಗ ಕೆಲಸ ಮಾಡೋ ನಮ್ಮ ಸೀನಿಯರ್ ಅಣ್ಣಾಗೂ ಥ್ಯಾಂಕ್ಸ್. ಚಾದಂಗಡಿ ಟ್ಯೂಬ್‌ಲೈಟ್ ಕೆಳಗ ತಗದ ಶಾಟ್‌ನ್ಯಾಗ ಕರಿ ಪಟ್ಟಿ ಹರಿತಿದ್ವು, ಫೋನ್ ಕೆಟ್ಟೈತಿ ಅನ್ಕೊಂಡಿದ್ದೆ. ನಮ್ಮ ಕರೆಂಟ್ 50 ಹರ್ಟ್ಸ್, ಲೈಟ್ ಸೆಕೆಂಡಿಗೆ 100 ಸಲ ಮಿಣುಕ್ತೈತಿ, ಶಟರ್ ಆಟೋದಾಗ ಬಿಡಬ್ಯಾಡ, 1/50 ಸೆಕೆಂಡಿಗೆ ಲಾಕ್ ಮಾಡು ಅಂದ. ಮಾಡಿದೆ, ಪಟ್ಟಿ ಹೋದ್ವು.

ರೂಮ್‌ಮೇಟ್ ದೋಸ್ತಾ, ನಿನಗ ಏನ್ ಹೇಳ್ಲಿ. ಸ್ಲೋ ಮೋಷನ್ ಶಾಟ್‌ಗೆ ಹಾಡನ್ನ ಡಬಲ್ ಸ್ಪೀಡಿಗೆ ಹಚ್ಚಿ ತುಟಿ ಆಡಸು ಅಂದಾಗ ತುಂಬಿದ ಬಸ್ ಸ್ಟ್ಯಾಂಡ್‌ನ್ಯಾಗ ಅಳಿಲಿನಂಗ ಬಾಯಿ ಬಡದಿ, ಚಾದಂಗಡಿ ಅಜ್ಜ ನಕ್ಕು ನಕ್ಕು ಕೆಟಲಿ ಕೆಳಗಿಟ್ಟ. 50 ಫ್ರೇಮ್‌ನ್ಯಾಗ ತಗದು 25ಕ್ಕ ಇಳಿಸಿದ ಮ್ಯಾಲೆ ತುಟಿ ಹಾಡಿಗೆ ಕೂಡ್ತು, ಹಿಂದಿನ ಮಂದಿ ನೀರಾಗ ನಡದಂಗ ಕಾಣ್ತಾರ, ಅದ ಇಡೀ ವಿಡಿಯೋದಾಗ ಬೆಸ್ಟ್ ಶಾಟ್. ಕಂಡಕ್ಟರ್ ಕಾಕಾ ಒಂದ ಗಂಟನ್ನ ನಾಲ್ಕು ಸಲ ಕೊಟ್ರು, "ರೊಟ್ಟಿ ಒಣಗ್ತಾವೋ, ಲಗೂ ತಗಿ" ಅಂತ ಪ್ಯಾಸೆಂಜರ್‌ಗಳೂ ಕೂಗಿದ್ರ ಹೊರ್ತು ಯಾರೂ ಸಿಟ್ಟಾಗ್ಲಿಲ್ಲ.

ಮತ್ತ ಅವ್ವಗ. ಶೂಟಿಂಗ್‌ಗಂತನ ಹೆಚ್ಚಿನ ಬುತ್ತಿ ಕಟ್ಟಿ ಕಳಸಿದ್ಲು, ಕಟ್ ಅಂದಕೂಡ್ಲೇ ಕ್ರ್ಯೂ ಆ ಶೂಟಿಂಗ್ ಬುತ್ತೀನ ತಿಂದು ಮುಗಸ್ತಿತ್ತು. ನಿನ್ನೆ ರಾತ್ರಿ ವಿಡಿಯೋ ಕಳಸಿದೆ. ನೋಟ್‌ಬುಕ್‌ನ್ಯಾಗ ನಾ ಬರಿಯಾಕ ಮರ್ತದ್ದು ಒಂದ ಇತ್ತು, ವೈವಾಕ್ಕ ಹೊರಗಿಂದ ಬಂದ ಎಕ್ಸ್‌ಟರ್ನಲ್ ಸರ್‌ಗೂ ಕಾಣ್ಲಿಲ್ಲ. ಅವ್ವ ಫೋನ್ ಮಾಡಿದಾಕಿನ ಕೇಳಿದ್ಲು: "ಹೋಗುವಾಗ ನಮ್ಮ ಮುಚ್ಚಳ ಇತ್ತು, ಬರುವಾಗ ಬ್ಯಾರೆ ಯಾರ್ದೋ ಐತಿ. ನಮ್ದು ಎಲ್ಲಿ ಒಗದಿ?"