ಅಪ್ಪನ ಬಿಪಿ, ಅಪ್ಪನ ಗೊರಕೆ

ಸಿಡ್ನಿ, ಭಾನುವಾರ

ಪ್ರೀತಿಯ ಅಮ್ಮ,

ನಾವೆಲ್ಲ ಚೆನ್ನಾಗಿದ್ದೇವೆ. ಮಕ್ಕಳಿಗೆ ರಜೆ ಶುರುವಾಗಿದೆ. ಅಪ್ಪ ಪಕ್ಕದಲ್ಲಿ ಕೂತಿದ್ದರೆ ನೀನು ಫೋನಿನಲ್ಲಿ ಅರ್ಧ ಮಾತು ನುಂಗಿಬಿಡುತ್ತೀಯ, ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಮೂರನೇ ಬಿಪಿ ಮಾತ್ರೆ ಶುರುವಾದರೂ ಮೇಲಿನ ನಂಬರ್ 160ರಿಂದ ಕೆಳಗೆ ಬರುತ್ತಿಲ್ಲ ಅಂದೆಯಲ್ಲ, ಅಂದಿನಿಂದ ನನಗೆ ಅದೇ ಯೋಚನೆ. ಅಪ್ಪ ಮಾತ್ರೆ ತಪ್ಪಿಸುವವರಲ್ಲ. ಉಪ್ಪಿನಕಾಯಿ, ಹಪ್ಪಳವನ್ನೂ ಬಿಟ್ಟಿದ್ದಾರೆ. ಹಾಗಾದರೆ ಯಾಕೆ ಇಳಿಯುತ್ತಿಲ್ಲ? ನನಗೆ ಅನುಮಾನ ಇರುವುದು ಅವರ ಗೊರಕೆಯ ಮೇಲೆ.

ಇಲ್ಲಿ ನಾನು ರಾತ್ರಿ ಪಾಳಿ ಮಾಡುವ ನಿದ್ದೆ ಪರೀಕ್ಷೆಯ ವಾರ್ಡಿಗೆ ಇಂಥವರು ತುಂಬಾ ಜನ ಬರುತ್ತಾರೆ. ಅದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹತ್ತು ಸೆಕೆಂಡು, ಕೆಲವರಿಗೆ ಅರ್ಧ ನಿಮಿಷಕ್ಕೂ ಜಾಸ್ತಿ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತಿದ್ದ ಹಾಗೆ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಒಮ್ಮೆಲೇ ಮೇಲೆ ಹಾರುತ್ತದೆ, ಆಮೇಲೆ ಒಂದು ದೊಡ್ಡ ಗೊರಕೆ ಬಂದು ಮತ್ತೆ ನಿದ್ದೆ. ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಹೀಗಾಗುವವರೂ ಇದ್ದಾರೆ. ಬೆಳಿಗ್ಗೆ ಕೇಳಿದರೆ ಅವರಿಗೆ ಏನೂ ನೆನಪಿರುವುದಿಲ್ಲ.

ಎಲ್ಲರಿಗೂ ರಾತ್ರಿ ಬಿಪಿ ಹತ್ತರಿಂದ ಇಪ್ಪತ್ತು ಪರ್ಸೆಂಟ್ ಇಳಿಯಬೇಕು. ಹೃದಯಕ್ಕೆ ಸಿಗುವ ವಿರಾಮ ಅದೊಂದೇ. ಇವರಲ್ಲಿ ಎಷ್ಟೋ ಜನಕ್ಕೆ ಆ ಇಳಿತವೇ ಇರುವುದಿಲ್ಲ. ರಾತ್ರಿಯ ಆ ಬಿಗಿತ ಹಗಲಿಗೂ ಉಳಿದುಬಿಡುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸುಮಾರು ಏಳು ನೂರು ಜನರನ್ನು ನಾಲ್ಕು ವರ್ಷ ಗಮನಿಸಿ 2000ದಲ್ಲಿ ವರದಿ ಮಾಡಿದರು. ಗಂಟೆಗೆ 15 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುವವರಿಗೆ ಬಿಪಿ ಬರುವ ಸಾಧ್ಯತೆ ಸುಮಾರು ಮೂರು ಪಟ್ಟು ಕಂಡಿತು, ಅದೂ ತೂಕ, ವಯಸ್ಸು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ. ಮೂರು ಮಾತ್ರೆಗೂ ಬಗ್ಗದ ಬಿಪಿ ಇರುವವರಲ್ಲಂತೂ ಇದು ತುಂಬಾ ಸಾಮಾನ್ಯ.

ಅಪ್ಪ ಅಷ್ಟೇನೂ ದಪ್ಪ ಇಲ್ಲವಲ್ಲ ಅಂತ ನೀನು ಕೇಳುತ್ತೀಯ. ನಮ್ಮ ಕಡೆಯವರಿಗೆ ಕಡಿಮೆ ತೂಕದಲ್ಲೇ ಇದು ಬರುತ್ತದೆ ಅಮ್ಮ. ದವಡೆ ಸಣ್ಣದು, ಕತ್ತು ದಪ್ಪ ಇದ್ದರೂ ಸಾಕು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ ಅಂತ ಸಕ್ಕರೆ ಪರೀಕ್ಷೆ ಮಾಡಿಸಿದಿರಿ, ಸಕ್ಕರೆ ಇರಲಿಲ್ಲ, ಅಲ್ವಾ? ಅದೂ ಇದರಿಂದ ಆಗಬಹುದು. ಬೆಳಿಗ್ಗೆ ತಲೆನೋವು, ಬಾಯಿ ಒಣಗುವುದು, ಪೇಪರ್ ಓದುತ್ತಾ ತೂಕಡಿಸುವುದು, ಎಲ್ಲ ಒಂದೇ ಕಡೆ ಬೊಟ್ಟು ಮಾಡುತ್ತಿವೆ. ಅವರು ಅರಸೀಕೆರೆಗೆ ಒಬ್ಬರೇ ಕಾರು ಓಡಿಸಿಕೊಂಡು ಹೋಗುವುದು ನೆನೆದರೆ ನನಗೆ ಭಯವಾಗುತ್ತದೆ. ಸದ್ಯಕ್ಕೆ ತಮ್ಮನೇ ಓಡಿಸಲಿ.

ಇದನ್ನು ನೋಡಬಲ್ಲವಳು ನೀನೊಬ್ಬಳೇ. ಗೊರಕೆ ಜೋರಾಗಿ ನಡೆಯುತ್ತಾ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತು ಸದ್ದಿಲ್ಲದೆ ಇದ್ದು, ಆಮೇಲೆ ಉಸಿರು ಸಿಕ್ಕಿಕೊಂಡ ಹಾಗೆ ಗಕ್ ಅಂತ ಶುರುವಾಗುತ್ತಾ, ನೋಡು. ಮೊಬೈಲಿನಲ್ಲಿ ವಿಡಿಯೋ ಮಾಡು. ಡಾಕ್ಟರಿಗೆ ತೋರಿಸಿ, ನಿದ್ದೆ ಪರೀಕ್ಷೆ ಬೇಕಾ ಅಂತ ನೇರವಾಗಿ ಕೇಳು. ಈಗ ಮನೆಯಲ್ಲೇ ಬೆರಳಿಗೆ, ಮೂಗಿಗೆ ಹಾಕಿಕೊಂಡು ಮಲಗುವ ಯಂತ್ರವೂ ಇದೆ. ಅಪ್ಪ ಬೈದರೆ ನನ್ನ ಹೆಸರು ಹೇಳು.

ಇದೇ ಅಂತ ಗೊತ್ತಾದರೆ ಸಿಪ್ಯಾಪ್ ಅನ್ನುವ ಯಂತ್ರ ಕೊಡಬಹುದು. ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಹಿಡಿಯುತ್ತದೆ. ಕಾಲಿನ್ ಸಲಿವನ್ ಅನ್ನುವ ಡಾಕ್ಟರ್ ಇದೇ ಸಿಡ್ನಿಯಲ್ಲಿ ಇದನ್ನು ಕಂಡುಹಿಡಿದು 1981ರಲ್ಲಿ ಪ್ರಕಟಿಸಿದ್ದು. ಮೊದಮೊದಲು ಕಿರಿಕಿರಿ ಆಗುತ್ತದೆ, ಮಾಸ್ಕ್ ಅಳತೆ ಸರಿ ಮಾಡಿಸಿಕೊಂಡರೆ ಒಗ್ಗುತ್ತದೆ. ಆದರೆ ಇದರಿಂದ ಬಿಪಿ ಸರಾಸರಿ ಎರಡು ಮೂರು ಪಾಯಿಂಟ್ ಅಷ್ಟೇ ಇಳಿಯುತ್ತದೆ, ಕೆಲವರಿಗೆ ಜಾಸ್ತಿ. ಅದಕ್ಕೆ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳದೆ ಒಂದನ್ನೂ ಬಿಡಬಾರದು.

ಅಲ್ಲಿಯವರೆಗೆ ಅಪ್ಪ ಅಂಗಾತ ಮಲಗದೆ ಮಗ್ಗುಲಾಗಿ ಮಲಗಲಿ. ಪಕ್ಕದ ಮನೆಯವರು ಕೊಡುವ ನಿದ್ದೆ ಮಾತ್ರೆ ಬೇಡವೇ ಬೇಡ, ಗಂಟಲು ಇನ್ನೂ ಸಡಿಲವಾಗಿ ಉಸಿರು ಕಟ್ಟುವುದು ಜಾಸ್ತಿಯಾಗಬಹುದು. ಮದುವೆ ಮನೆಗಳಲ್ಲಿ ಕುಡಿಯುವುದೂ ಹಾಗೆಯೇ.

ಬುಧವಾರ ನನಗೆ ರಜೆ. ನಿಮ್ಮ ಬೆಳಗಿನ ಕಾಫಿ ಹೊತ್ತಿಗೆ ಫೋನ್ ಮಾಡುತ್ತೇನೆ. ಅಷ್ಟರೊಳಗೆ ವಿಡಿಯೋ ಕಳಿಸು, ಮಾತ್ರೆ ಚೀಟಿಯ ಫೋಟೋ ಕೂಡ.

ನಿನ್ನ ಮಗಳು